ಮೆಟ್ಟಿಲಿಲ್ಲದ ನಲವತ್ತೊಂದು ಗಾಡಿ

ಮಡಗಾಂವ
9 ಜನವರಿ 2012

ಪ್ರಿಯ ಪವಮಾನ,

ಸುಧೀರ ಎಂಬ ಹೆಸರಿನ ನಾನು, ವಯಸ್ಸು ಐವತ್ತೇಳು, ವೃತ್ತಿ ಮೋಟಾರು ವಿಮೆಯ ಸರ್ವೇಯರ್, ಯಾರ ಒತ್ತಾಯವೂ ಇಲ್ಲದೆ ಈ ಕೆಳಗಿನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ: ಕಳೆದ ಶುಕ್ರವಾರ, ಹಾಡಹಗಲೇ, ಪಣಜಿಯ ಒಂದು ಕಾರಿನ ಶೋರೂಮಿನಲ್ಲಿ, ಡೆಮೊ ಗಾಡಿಯ ಖಾನೆಯೊಳಗಿಂದ ಅದರ ಮ್ಯಾನ್ಯುವಲ್ ಕದ್ದೆ. ಇನ್ನೂರಾ ಎಂಬತ್ತು ಪುಟ. ಶರ್ಟಿನ ಒಳಗ, ಹೊಟ್ಟಿಗೆ ಒತ್ತಿ ಹಿಡಕೊಂಡು ಹೊರಗ ಬಂದೆ. ನನ್ನ ಹೊಟ್ಟಿ ಹೆಂಗೂ ಮುಂದ ಇರ್ತದಲ್ಲ, ಯಾರಿಗೂ ಸಂಶಯ ಬರಲಿಲ್ಲ. ಬಾಗಿಲಾಗ ನಿಂತ ಹುಡುಗಿ "ಮತ್ತೆ ಬನ್ನಿ ಸರ್" ಅಂತ ಬೀಳ್ಕೊಟ್ಟಳು.

ಈ ಅಪರಾಧಕ್ಕೆ ಪ್ರೇರಣೆ ನೀನು. ಏಳು ವರ್ಷದ ಮ್ಯಾಲ ನಿನ್ನ ಕಾರ್ಡು ಬಂತು, ನಾಲ್ಕೇ ಸಾಲು. ಸಕ್ಕರಿ ರೋಗಕ್ಕೆ ಎಡಗಾಲು ಮೊಣಕಾಲಿನ ಕೆಳಗ ತೆಗೆದಾರ. ಖಾನಾಪುರದ ಕಾಲೇಜಿಗೆ ಹೋಗೋ ಬಸ್ಸಿನ ಮೆಟ್ಟಿಲು ಹತ್ತಲಿಕ್ಕೆ ಆಗೂದಿಲ್ಲ. ನೌಕರಿ ಇನ್ನೂ ನಾಲ್ಕು ವರ್ಷ ಅದ. ಕ್ಲಚ್ ಇಲ್ಲದ ಗಾಡಿಯೊಳಗ ಯಾವುದು ನಂಬಲಿಕ್ಕೆ ಯೋಗ್ಯ, ತಿಳಿಸು. ಮುಗೀತು. ಹಾಸ್ಟೆಲಿನಾಗ ಮೂರು ವರ್ಷ ಒಂದೇ ಖೋಲಿ, ಮ್ಯಾಲ ನನ್ನ ಹೆಂಡತಿಯ ಅಣ್ಣ, "ಹೆಂಗಿದ್ದಿ" ಅಂತ ಸುದ್ಧಾ ಕೇಳಲಿಲ್ಲ. ಇರಲಿ. ಒಂದು ಕಾಲು ಹೋದರ ಗಣಿತದ ಪ್ರಕಾರ ನೀನು ಈಗ ಮುಕ್ಕಾಲು ಮನುಷ್ಯ. ಗೌತಮಿ ಹೋದ ಮ್ಯಾಲ ನಾನು ಅರ್ಧ. ಇನ್ನೂ ನೀನೇ ಮುಂದ ಇದ್ದಿ.

ಕೇಳಿದ್ದು ಮಾತ್ರ ಸರಿಯಾದ ಮನುಷ್ಯಾಗ. ಈ ಗೋವಾದಾಗ ಗೇರು ಅಂದರ ಹಣ್ಣು, ಬೀಜ, ಫೆಣಿ. ಗೇರ್ ಅಂದರ ನಾನು. ಮೂವತ್ತು ವರ್ಷ, ಅಪಘಾತಕ್ಕ ಸಿಕ್ಕ ನಾಲ್ಕು ಸಾವಿರ ಗಾಡಿ ನೋಡೀನಿ. ಅದರಾಗೂ ಈ ಸಿವಿಟಿ ಅನ್ನೋದರ ಬಗ್ಗೆ ನನ್ನಷ್ಟು ತಿಳಿದಾಂವ ಮ್ಹಾಪಸಾದಿಂದ ಸಾಂಗೆತನಕ ಇನ್ನೊಬ್ಬ ಇಲ್ಲ. ಅದಕ್ಕ ಒಂದು, ಎರಡು, ಮೂರು ಅಂತ ಮೆಟ್ಟಿಲಿಲ್ಲ. ಎರಡು ಗಾಲಿಗಳ ನಡುವ ಒಂದು ಉಕ್ಕಿನ ಪಟ್ಟಿ, ಅದು ಮ್ಯಾಲ ಕೆಳಗ ಸರಕೋತ ವೇಗ ಹೊಂದಿಸ್ತದ. ಬಸ್ಸಿನ ಮೆಟ್ಟಿಲು ಹತ್ತಲಾರದಾಂವಗ ಮೆಟ್ಟಿಲಿಲ್ಲದ ಗೇರು. ದೇವರು ನನ್ನಕಿಂತ ದೊಡ್ಡ ವಿನೋದಗಾರ.

ನಿನ್ನ ಸಲುವಾಗಿ ಮೂರು ಕಂಪನಿಯ ಶೋರೂಮಿಗೆ ಹೋದೆ, ಗಿರಾಕಿ ವೇಷದಾಗ. ಕಂಪನಿಗಳ ಹೆಸರು ಬರೆಯೂದಿಲ್ಲ, ಸರ್ವೇಯರನ ಕೈಬರಹ ಕೋರ್ಟಿನಾಗ ಸಾಕ್ಷಿ ಆಗ್ತದ. ಒಂದಕ್ಕ ಪೇಢಾ ಅನ್ನೋಣ, ಇನ್ನೊಂದಕ್ಕ ಕುಂದಾ, ಮೂರನೇದಕ್ಕ ಇಲ್ಲಿಯ ಪದರು ಪದರಿನ ಬೆಬಿಂಕ. ತಿನ್ನೋ ಹಕ್ಕು ನಿನಗಿಲ್ಲ, ಓಡಿಸೋ ಹಕ್ಕರೆ ಇರಲಿ. ಮೂರೂ ಕಡೆ ಸೇಲ್ಸ್‌ಮನ್‌ಗ "ನೀ ಓಡಿಸಪಾ, ನನ್ನ ಕಿವಿಗೆ ಕೆಲಸ ಅದ" ಅಂದು ಎಡಗಡೆ ಕೂತೆ. ಕುಂದಾದ ಹುಡುಗ ಭಾಳ ಶಾಣ್ಯಾ. "ಅಂಕಲ್, ಮೊದಲು ಬ್ರೇಕ್ ತುಳೀಬೇಕು, ಆಮ್ಯಾಲ ಲಿವರ್ ಎಳೀಬೇಕು" ಅಂತ ಮಗ್ಗಿ ಹೇಳಿಕೊಟ್ಟ. ನನಗ! ನಾನು ಕೆಮ್ಮಿ ಕಿಟಕಿಯ ಹೊರಗ ನೋಡಿದೆ. ಕದ್ದದ್ದು ಅವನ ಗಾಡಿಯೊಳಗಿನ ಪುಸ್ತಕ.

ಆದರ ಕುಂದಾ ನಿನಗ ಬ್ಯಾಡ. ಯಾಕ ಅನ್ನೋದು ನಿನಗ ಗೊತ್ತದ. 2005ರ ಮೇ ಹದಿನೈದು, ರವಿವಾರ, ಮಧ್ಯಾಹ್ನ ಎರಡೂವರಿ. ಮಡಗಾಂವ ಪೂರ್ತಿ ಮಲಗೋ ಹೊತ್ತು. ಗೌತಮಿ ಎದಿ ಹಿಡಕೊಂಡು ಹಿಂದಿನ ಸೀಟಿನಾಗ, ನಾನು ಸ್ಟೀರಿಂಗ್ ಮುಂದ. ಇಂಜಿನ್ ಒದರಿತು, ನಮ್ಮ ಕುಂದಾ ಗಾಡಿ ಒಂದು ಗೇಣು ಸರೀಲಿಲ್ಲ. ವರ್ಕ್‌ಶಾಪಿನ ಮೆಕ್ಯಾನಿಕ್ ನಿಂಗಣ್ಣ ಗೇರ್‌ಬಾಕ್ಸಿಗೆ ಸಾದಾ ಆಯಿಲ್ ಹಾಕಿದ್ದ, ಪಟ್ಟಿ ಪಟ್ಟು ಬಿಟ್ಟಿತು. ಬಾಜೂಮನಿ ರೂಪಿಬಾಯಿ ಬಿಸಿಲಾಗ ಓಡಾಡಿ ಯಾರದೋ ವ್ಯಾನ್ ತರೋತನಕ ಐವತ್ತು ನಿಮಿಷ. ಕುಂದಾದಾಗ ಕುಂದು ಅದ ಪವಮಾನ. ಹೆಚ್ಚಿಗೆ ಬರೆಯಲಾರೆ.

ಪರಮೇಶ್ವರಿ ವೈನಿಗೆ ನಮಸ್ಕಾರ ಹೇಳು.

ನಿನ್ನ
ಸುಧೀರ


ಬೆಳಗಾವಿ
21 ಜನವರಿ 2012

ಸುಧೀರ,

ಪತ್ರ ಮುಟ್ಟಿತು. ಮುಕ್ಕಾಲು ಮನುಷ್ಯ ಅನ್ನೋದನ್ನ ಪರಮೇಶ್ವರಿ ಓದಿ ಸಿಟ್ಟಾದಳು. ನಾನು ನಕ್ಕೆ. ಕಾಲು ತೆಗೆದ ಮ್ಯಾಲ ಅದೇ ಮೊದಲ ಸಲ.

ಕಾಲೇಜಿನವರು ಜೂನ್‌ತನಕ ರಜಾ ಕೊಟ್ಟಾರ. ಜೂನಿನಾಗ ಪ್ರಯೋಗಶಾಲೆಗೆ ನಾನೇ ಹೋಗಿ ನಿಲ್ಲಬೇಕು, ಇಲ್ಲಾ ಸ್ವಂತ ಇಚ್ಛೆಯಿಂದ ನಿವೃತ್ತಿ ಅಂತ ಬರೆದುಕೊಡಬೇಕು. ದಿನಾ ಬಾಡಿಗಿ ಗಾಡಿ ನನ್ನ ಕೈಲೆ ನೀಗೂದಿಲ್ಲ. ನನ್ನ ಗಾಡಿ ನಾನೇ ಓಡಿಸಬೇಕು, ನಡು ದಾರ್‍ಯಾಗ ನಿಂತರ ಇಳಿದು ದಬ್ಬಲಿಕ್ಕೆ ನನಗ ಆಗೂದಿಲ್ಲ. ಇಷ್ಟು ಲಕ್ಷ್ಯದಾಗ ಇಟ್ಟು, ಚಾಷ್ಟಿ ಬಿಟ್ಟು, ನಿನಗ ತಿಳಿದದ್ದು ಬರಿ.

ಕುಂದಾದ ವಿಷಯ ಮತ್ತ ಎತ್ತಬ್ಯಾಡ. ಅವ್ವ ಸಾಯೋತನಕ "ಆ ಯಂತ್ರ ನನ್ನ ಮಗಳನ್ನ ತಿಂತು" ಅಂತಿದ್ದಳು. ನನಗ ಅದು ಸಾಕು.

ಪವಮಾನ


ಮಡಗಾಂವ
14 ಫೆಬ್ರವರಿ 2012

ಪ್ರಿಯ ಪವಮಾನ,

ಚಾಷ್ಟಿ ಬಿಡು ಅಂದಿ. ಗಡ್ಡ ಬೋಳಿಸು ಅಂದಿದ್ದರ ಲಗೂ ಆಗ್ತಿತ್ತು. ಪ್ರಯತ್ನ ಮಾಡ್ತೀನಿ.

ನನ್ನ ಹತ್ತಿರ ಒಂದು ನೋಟ್‌ಬುಕ್ ಅದ. 2005ರ ಮಳಿಗಾಲದಿಂದ ಈ ದಕ್ಷಿಣ ಗೋವಾದಾಗ ಕಂಡ ಪ್ರತಿ ಸಿವಿಟಿ ಗಾಡಿಯ ಮಾಲೀಕನ್ನ ಹಿಡಿದು ನಿಲ್ಲಿಸಿ ಕೇಳೀನಿ. ಪೆಟ್ರೋಲ್ ಪಂಪಿನಾಗ, ಮದುವಿ ಮಂಟಪದ ಹೊರಗ, ಒಮ್ಮೆ ಸ್ಮಶಾನದಾಗೂ. ಒಟ್ಟು ನಲವತ್ತೊಂದು ಗಾಡಿ. ಅದರ ಸಾರ ಇದು.

ಪೇಢಾ, ಹದಿನಾಲ್ಕು ಗಾಡಿ. ನಿಂತಲ್ಲಿಂದ ಹೊರಡುವಾಗ ನಡಗ್ತದ, ಮೂರು ಗಾಡಿಗೆ ಹಂಗ ಆಗ್ಯದ, ನಲವತ್ತು ಸಾವಿರ ಕಿಲೋಮೀಟರಿನ ಆಚೆ. ಅದಕ್ಕಂತಲೇ ಇರೋ ಆಯಿಲ್ ಬದಲಿಸಿದರ ಎರಡರ ನಡುಕ ನಿಂತದ. ಮೂರನೇದು ಮಾರಿ ಹೋತು. ನಡಗೋ ಗಾಡಿ ನಿಲ್ಲೂದಿಲ್ಲ, ನಮ್ಮ ಹಾಸ್ಟೆಲಿನ ವಾರ್ಡನ್ ಇದ್ದಾಂಗ.

ಬೆಬಿಂಕ, ಎಂಟು ಗಾಡಿ. ಬಯಲಿನಾಗ ಬೆಣ್ಣಿ. ಆದರ ಅನ್ಮೋಡ್ ಘಾಟಿನಾಗ ಎರಡು ಗಾಡಿಯ ಗೇರ್‌ಬಾಕ್ಸ್ ಕಾದು ಕೆಂಪು ದೀಪ ಹತ್ತಿತು. ಅರ್ಧ ತಾಸು ನಿಲ್ಲಿಸಿದರ ಆರ್ತದ. ಖಾನಾಪುರಕ್ಕ ಘಾಟಿಲ್ಲ, ನಿನಗ ನಡೀತದ.

ಕುಂದಾ, ಹತ್ತೊಂಬತ್ತು ಗಾಡಿ. ನಂಬಬ್ಯಾಡ.

ನನ್ನ ಅಭಿಪ್ರಾಯ ಪೇಢಾ. ಗೇರ್‌ಬಾಕ್ಸಿನ ಬಾಳಿಕೆ ಅರ್ಧ ಕಂಪನಿಯ ಕೈಯಾಗ, ಅರ್ಧ ಆಯಿಲ್ ಹಾಕೋ ಮೆಕ್ಯಾನಿಕನ ಕೈಯಾಗ. ನಿಂಗಣ್ಣನಂಥಾಂವ ಸಿಗದಿದ್ದರ ಸಾಕು. ಅವನೂ ನಿಮ್ಮ ವಿಜಾಪುರ ಸೀಮಿಯಾಂವ, ಇಲ್ಲಿ ಮೋತಿ ಡೊಂಗರಿನ ಮ್ಯಾಲ ಮನಿ, ಹೆಂಡತಿ ಹುಲಿಗೆಮ್ಮ ನಮ್ಮಲ್ಲಿ ಭಾಂಡಿ ತೊಳೀತಿದ್ದಳು. ನಾನು ವರ್ಕ್‌ಶಾಪಿಗೆ ಒಂದು ಕಾಗದ ಬರೆದೆ, ಅವನ ನೌಕರಿ ಹೋತು. ಸರ್ವೇಯರನ ಮಾತಿಗೆ ಈ ಊರಾಗ ಅಷ್ಟು ತೂಕ ಅದ.

ಕಾಲು ಹುಷಾರಿ. ಇರೋದನ್ನ ಅನ್ನಲಿಕ್ಕೆ ಹತ್ತೀನಿ.

ನಿನ್ನ
ಸುಧೀರ


ಬೆಳಗಾವಿ
2 ಎಪ್ರಿಲ್ 2012

ಸುಧೀರ,

ನಿನ್ನ ಪತ್ರವನ್ನ ನಾಲ್ಕು ಸಲ ಓದಿದೆ. ಮೂವತ್ತು ವರ್ಷ ಮಕ್ಕಳ ಪ್ರಯೋಗದ ವರದಿ ತಿದ್ದಿದಾಂವ ನಾನು. ಪೇಢಾ ಹದಿನಾಲ್ಕರಾಗ ಮೂರು ಅಂತ ಬರೆದಿ. ಬೆಬಿಂಕ ಎಂಟರಾಗ ಎರಡು. ಕುಂದಾ ಹತ್ತೊಂಬತ್ತರಾಗ ಎಷ್ಟು? ಬರೆದಿಲ್ಲ. ಅಂಕಿ ಇಲ್ಲದ ತೀರ್ಮಾನ ಬರೆದ ಹುಡುಗನ್ನ ನಾನು ನಿಲ್ಲಿಸಿ ಕೇಳ್ತೀನಿ.

ಅಷ್ಟರಾಗ ಒಂದು ಸಂಗತಿ ನಡೀತು. ಇಲ್ಲಿ ಶಂಕರಲಿಂಗ ಅಂತ ನಮ್ಮ ಪರಿಚಯದ ಮೆಕ್ಯಾನಿಕ್ ಇದ್ದಾನ. "ಸರ, ಎರಡ ಪೆಡಲಿನ ಹಳೇ ಗಾಡಿ ಒಂದ ಬಂದೈತ್ರಿ, ನೋಡ ಬರ್ರಿ" ಅಂತ ಹೇಳಿಕಳಿಸಿದ. ಹೋದೆ. ಗೋವಾದ ನಂಬರು. ಆ ನಂಬರು ನನಗ ಬಾಯಿಪಾಠ. ನೀವು ಘಾಟು ಹತ್ತಿ ಬಂದಾಗೆಲ್ಲ ನಾನು ಗೇಟಿನಾಗ ನಿಂತು ಅದನ್ನೇ ನೋಡ್ತಿದ್ದೆ. ಗೌತಮಿ ಸ್ಟೀರಿಂಗ್ ಬಿಟ್ಟು ಇಳಿದು "ಅಣ್ಣಾ, ಹಸಿವಿ" ಅಂತಿದ್ದಳು. ನೀನು "ದಿನಾ ಗಾಡಿ ನೋಡಿ ನೋಡಿ ಸಾಕಾಗ್ಯದ, ಇಂದು ಆಕಿನೇ ಓಡಿಸಿದಳು" ಅಂತ ಇಳೀತಿದ್ದಿ.

ನೀನು ಮಾರಿದ್ದು ಮ್ಹಾಪಸಾದ ಒಬ್ಬ ಅರಿವಿ ವ್ಯಾಪಾರಿಗೆ. ಅವನೇ ಈಗ ಬೆಳಗಾವಿಗೆ ಬಂದು ಮಾರಲಿಕ್ಕೆ ಹತ್ತ್ಯಾನ. ಲಕ್ಷ ಕಿಲೋಮೀಟರ್ ದಾಟ್ಯದ. ಗೇರ್‌ಬಾಕ್ಸ್ ಎಂದಾದರೂ ರಿಪೇರಿ ಮಾಡಿಸಿದ್ದಿರೇನು ಅಂತ ಕೇಳಿದೆ. ಏನು ಕೇಳಲಿಕ್ಕೆ ಹತ್ತೀನಿ ಅಂತ ಅವಗ ತಿಳೀಲೇ ಇಲ್ಲ. ಶಂಕರಲಿಂಗ ಕೆಳಗ ಮಲಗಿ ಆಯಿಲ್ ಇಳಿಸಿ ನೋಡಿದ. "ಪಟ್ಟಿ ಜಾರಿದ್ರ ಮ್ಯಾಗ್ನೆಟ್ಟಿಗೆ ಕಬ್ಬಿಣದ ಪುಡಿ ಮೆತ್ತಿರತೈತ್ರಿ. ಇದರಾಗ ಇಭೂತಿಯಷ್ಟ ಐತಿ. ಈ ಪೆಟ್ಟಿಗಿ ಹುಟ್ಟಿದಾಗಿಂದ ಯಾರೂ ಬಿಚ್ಚಿಲ್ರಿ, ಕಂಪನಿ ಸೀಲ್ ಹಂಗ ಐತಿ."

ಸರ್ವಿಸ್ ಪುಸ್ತಕ ಗಾಡಿಯೊಳಗೇ ಇತ್ತು. 27 ಎಪ್ರಿಲ್ 2005ರ ಪುಟದಾಗ ಹಾಕಿದ ಆಯಿಲಿನ ಹೆಸರು, ನಂಬರು ಅದ, ಅದರ ಡಬ್ಬಿಯ ಚೀಟಿ ಹರಿದು ಅಂಟಿಸ್ಯಾರ. ಕೆಳಗ ಡೊಂಕು ಅಕ್ಷರದಾಗ ನಿಂಗಣ್ಣ ಅಂತ ಸಹಿ. ಆಯಿಲ್ ಸರಿಯಾದದ್ದು.

ಒಂದೇ ಪ್ರಶ್ನೆ. ಆ ದಿನ ಗಾಡಿ ಯಾಕ ಹೋಗಲಿಲ್ಲ?

ಪವಮಾನ


ಮಡಗಾಂವ
9 ಎಪ್ರಿಲ್ 2012

ಪ್ರಿಯ ಪವಮಾನ,

ನೀನು ಕೆಮಿಸ್ಟ್ರಿ ಬಿಟ್ಟು ಪೊಲೀಸ್ ಖಾತೆ ಸೇರಬೇಕಾಗಿತ್ತು. ಒಂದೇ ಕಾಲಿನ ಇನ್ಸ್‌ಪೆಕ್ಟರ್, ಕಳ್ಳರು ಓಡಿ ಹೋಗಲಿಕ್ಕೂ ಮರುಗತಿದ್ದರು.

ಯಂತ್ರ ಅಂದಮ್ಯಾಲ ಯಂತ್ರ. ಒಂದು ದಿನ ಹಟ ಮಾಡ್ತದ, ಮರುದಿನ ಏನೂ ಆಗದವರ ಹಂಗ ಹೋಗ್ತದ. ಬಿಸಿಲಿಗೆ ಒಳಗಿನ ವಾಲ್ವ್ ಉಬ್ಬಿರಬಹುದು. ಸೆನ್ಸರ್ ತಪ್ಪು ಹೇಳಿರಬಹುದು. ಹತ್ತು ಸಾವಿರ ಗಾಡಿಗೆ ಒಂದು ಹಂಗ ಮಾಡ್ತದ ಅಂತ ಓದೀನಿ, ಎಲ್ಲಿ ಅಂತ ನೆನಪಿಲ್ಲ. ಡಬ್ಬಿಯ ಚೀಟಿ ಒಂದು, ಒಳಗ ಹಾಕಿದ್ದು ಇನ್ನೊಂದು, ಇದೇನು ಈ ದೇಶದಾಗ ಹೊಸಾದೇ?

ಕುಂದಾ ಹತ್ತೊಂಬತ್ತರಾಗ ಸೊನ್ನಿ. ಬರೀಲಿಕ್ಕೆ ಮರೆತಿದ್ದೆ.

ಆ ಗಾಡಿ ತಗೋಬ್ಯಾಡ. ಬ್ಯಾರೆ ಯಾವುದರೆ ತಗೊ. ಕೈಮುಗಿದು ಹೇಳ್ತೀನಿ.

ಸುಧೀರ


ಬೆಳಗಾವಿ
15 ಜುಲೈ 2012

ಸುಧೀರ,

ತಗೊಂಡೆ. ಜೂನ್ ಹನ್ನೊಂದರಿಂದ ಕಾಲೇಜಿಗೆ ಹೋಗಲಿಕ್ಕೆ ಹತ್ತೀನಿ. ಹಿಂದ ಒಂದು ಹಲಗಿ ಹಚ್ಚೀನಿ, ಓಡಿಸೋವ ಅಂಗವಿಕಲ ಅಂತ. ಹೋಗಿ ಬಂದು ದಿನಾ ಐವತ್ತು ಕಿಲೋಮೀಟರ್, ಇಷ್ಟು ಮಳಿಯಾಗ ಒಂದು ದಿನವೂ ನಿಂತಿಲ್ಲ. ಬಲಗಾಲಿಲೆ ಬ್ರೇಕ್ ಒತ್ತಿ ಲಿವರ್ ಎಳೆದರ ಹೊಂಟುಬಿಡ್ತದ. ಪರಮೇಶ್ವರಿ ಮೊದಲ ದಿನ ಹತ್ತಲಿಕ್ಕೆ ಒಲ್ಲೆ ಅಂದಳು, ನಾದಿನಿಯನ್ನ ತಿಂದ ಗಾಡಿ ಅಂತ. ಈಗ ಹಿಂದಿನ ಸೀಟಿನ ಮ್ಯಾಲ ಕೈ ಆಡಿಸಿ ಕೂಡ್ತಾಳ.

ನೀನು ಇನ್ನೂ ಉತ್ತರ ಕೊಟ್ಟಿಲ್ಲ. ನನಗ ಜಗಳ ಬೇಕಾಗಿಲ್ಲ. ನಾನು ಆಕೀ ಅಣ್ಣ. ಏಳು ವರ್ಷ ಒಂದು ಯಂತ್ರಕ್ಕ ಶಾಪ ಹಾಕೀನಿ, ಈಗ ದಿನಾ ಅದರಾಗ ಕೂತು ಅದಕ್ಕ ಕ್ಷಮಾ ಕೇಳ್ತೀನಿ. ಅವನ್ಯಾವನೋ ನಿಂಗಣ್ಣಗ ಕ್ಷಮಾ ಕೇಳೋರು ಯಾರು? ಅದು ತಿಳಿಯೋತನಕ ನನಗ ಕಾಗದ ಬರೀಬ್ಯಾಡ.

ಪವಮಾನ


ಮಡಗಾಂವ
18 ನವೆಂಬರ್ 2012

ಪವಮಾನ,

ನಾಲ್ಕು ತಿಂಗಳು ಹುಡುಕಿದೆ. ಮೋತಿ ಡೊಂಗರಿನ ಮನಿ ಬಿಟ್ಟು ಅವರು ಯಾವಾಗೋ ಹೋಗ್ಯಾರ. ಕಡೀಗೆ ಸಾಂಗೆಯ ಹತ್ತಿರ ಸಿಕ್ಕ. ವರ್ಕ್‌ಶಾಪಿನವರು ಹೊರಗ ಹಾಕಿದ ಮ್ಯಾಲ ಯಾರೂ ಸ್ಪ್ಯಾನರ್ ಹಿಡಿಯಗೊಡಲಿಲ್ಲಂತ, ಗಣಿಯ ಟಿಪ್ಪರ್ ಓಡಿಸ್ತಿದ್ದ. ಈಗ ಗಣಿ ಬಂದ್ ಆಗಿ ಎರಡು ತಿಂಗಳು. ಟಿಪ್ಪರುಗಳು ರಸ್ತಾದ ಬಾಜೂಕ ಸಾಲಾಗಿ ನಿಂತಾವ, ಗಾಲಿಗೆ ಹುಲ್ಲು ಬೆಳೆದದ. ಒಂದರ ನೆರಳಾಗ ಅವ ಕೂತಿದ್ದ. ನನ್ನ ನೋಡಿ ಎದ್ದು ನಿಂತ. ಅವ ಎದ್ದದ್ದು ನನಗ ಭಾಳ ನೋವಾತು.

"ಬರ್ರಿ ಸಾಹೇಬ್ರ. ಸೊರಗೀರಿ."

"ನಿಂಗಣ್ಣ, ಆ ಆಯಿಲ್ ಸರಿ ಇತ್ತು."

"ಗೊತ್ತೈತ್ರಿ. ನಾನ ಕೈಯಾರೆ ಹಾಕಿದ್ನಿರಿ."

"ಮತ್ತ ಆವತ್ತು ಯಾಕ ಹೇಳಲಿಲ್ಲ?"

ಗಾಲಿಯ ಹುಲ್ಲು ಒಂದೆರಡು ಎಳಿ ಕಿತ್ತ. ಆಮ್ಯಾಲ ಹೇಳಿದ. "ಗೌತಮಿ ಬಾಯಾರು ಗಾಡಿ ತಗೊಂಡ ಹೊಸದಾಗ ನನ್ನ ಕರದು ಹೇಳಿದ್ರು. ನಿಂಗಣ್ಣ, ಎರಡ ಪೆಡಲ್ ಇದ್ರ ಹೆದರಿಕಿ ಆಗಾಂಗಿಲ್ಲ ಅಂತ ಇದನ್ನ ಇವರ ಸಲುವಾಗಿ ತಗೊಂಡೇನಿ, ಮುಂಜಾನೆ ಮುಂಜಾನೆ ಫಾತೋರ್ಡಾದ ಬಯಲಿಗೆ ಕರಕೊಂಡ ಹೋಗಿ ಗಾಡಿ ಕಲಿಸು, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ. ನೀವ ಒಂದ ದಿನಾನೂ ಬರಲಿಲ್ಲ. ಬಾಯಾರಿಗೆ ಮಾತ ಕೊಟ್ಟಿದ್ನಿರಿ. ಮ್ಯಾಲ, ಸರ್ವೇಯರ್ ಸಾಹೇಬ್ರಿಗೆ ಗಾಡಿ ಬರಾಂಗಿಲ್ಲ ಅಂದ್ರ ನನ್ನ ಮಾತ ಯಾರ ನಂಬತಿದ್ರು?"

ಓದಿದಿ? ಹೌದು. ಲೈಸೆನ್ಸ್ ಏಜೆಂಟ ಮಾಡಿಸಿಕೊಟ್ಟದ್ದು, ನಾನು ಕೊಟ್ಟದ್ದು ಫೋಟೋ ಮಾತ್ರ. ಮೊದಲನೇ ವರ್ಷ ಸರ್ವೇಕ್ಕ ಹೋದ ಗಾಡಿಯ ಸ್ಟೀರಿಂಗಿಗೆ ಕೂದಲು ಅಂಟಿತ್ತು, ಚರ್ಮದ ಸಮೇತ. ಅಂದಿನಿಂದ ಆ ಸೀಟಿನಾಗ ಕೂತರ ಕೈ ಬೆವರ್ತಿತ್ತು. ಎಲ್ಲರ ಮುಂದ ನಗಿಸಿದೆ, ಗೌತಮಿ ಎಲ್ಲರ ಮುಂದ ನನ್ನ ಗುಟ್ಟು ಮುಚ್ಚಿದಳು. ನೀನು ಗೇಟಿನಾಗ ನಿಂತು ಕೇಳಿದ ಆ "ಇಂದು ಆಕಿನೇ ಓಡಿಸಿದಳು" ಅನ್ನೋ ಮಾತು, ಅದು "ಇಂದು" ಅಲ್ಲ, ಯಾವಾಗಲೂ ಆಕಿನೇ.

ನಿನ್ನ ಪ್ರಶ್ನೆಗೆ ಉತ್ತರ. ಆ ಮಧ್ಯಾಹ್ನ ನಾನು ಕೀಲಿ ತಿರುವಿದೆ, ಇಂಜಿನ್ ಶುರು ಆತು. ಆಕಿ ಲಿವರ್ ಎಳೆಯೋದನ್ನ ನೋಡಿದ್ದೆ, ಎಳೆದೆ. ಗಾಡಿ ನಿಲ್ಲಿಸಿಡೋ 'ಪಿ' ಗುರುತು ಬಿಟ್ಟು ಸರೀಲಿಲ್ಲ. ಎರಡೂ ಕೈಲೆ ಎಳೆದೆ. ಬಲಗಡೆಯ ಪೆಡಲ್ ಒತ್ತಿದೆ, ಇಂಜಿನ್ ಒದರಿತು, ಅಷ್ಟೆ. ಆಕೀಗೆ ಮಾತು ಬರ್ತಿದ್ದಿಲ್ಲ. ಎರಡು ಸೀಟಿನ ನಡುವಿನಿಂದ ಕೈ ಚಾಚಿ ನನ್ನ ಕಾಲಿನ ಕಡೆ ತೋರಿಸಿದಳು, ಮತ್ತ ಮತ್ತ ತೋರಿಸಿದಳು. ನಾನು ಕೆಳಗ ನೋಡಿದೆ. ಚಪ್ಪಲಿ ಕಂಡವು. ಚಪ್ಪಲಿ ಕಳಚು ಅಂತಾಳ ಅಂತ ತಿಳಿದೆ ಪವಮಾನ. ಕಳಚಿದೆ. ಬಾಗಿಲು ತೆಗೆದು ಹೊರಗ ಜೋಡಿಸಿ ಇಟ್ಟೆ. ಐವತ್ತು ನಿಮಿಷದ ಮ್ಯಾಲ ವ್ಯಾನಿನಾಗ ಬರಿಗಾಲಿಲೆ ಹೋದೆ.

ನಿನಗ ಸ್ಮಶಾನದಾಗ ಗೇರ್‌ಬಾಕ್ಸ್ ಕೆಟ್ಟಿತ್ತು ಅಂದಾಗ ನಾನು ಸುಳ್ಳು ಹೇಳಿರಲಿಲ್ಲ, ಹಂಗೇ ತಿಳಿದಿದ್ದೆ. ಮೂರು ದಿನ ಬಿಟ್ಟು ನಿಂಗಣ್ಣ ಬಂದು ಕೂತಾಂವನೇ ಗಾಡಿ ಗೇಟಿನ ಹೊರಗ ತಗೊಂಡು ಹೋದ. ಸುಳ್ಳು ಅಲ್ಲಿಂದ ಶುರು. ಸಂಜೀಕೇ ವರ್ಕ್‌ಶಾಪಿಗೆ ಕಾಗದ ಬರೆದೆ. ಆಮ್ಯಾಲ ಏಳು ವರ್ಷ ನೋಟ್‌ಬುಕ್ ಹಿಡಕೊಂಡು ತಿರುಗಿದೆ, ಎಲ್ಲೋ ಒಂದು ಗಾಡಿ, ಯಾವ ಕಂಪನಿದಾದರೂ ಇರಲಿ, ಆವತ್ತಿನ ಹಂಗ ಮಾಡಿರಬೇಕು ಅಂತ. ಲಿವರ್ ಎಂದಾದರೂ ಸಿಕ್ಕೊಂಡಿತ್ತೇನು ಅಂತ ನಲವತ್ತೊಂದು ಮಂದಿಯನ್ನ ಕೇಳಿದೆ. ಎಲ್ಲರೂ ಇಲ್ಲ ಅಂದರು. ಯಾಕ ಸಿಕ್ಕೋತದ ಅಂತ ಒಬ್ಬರೂ ಹೇಳಲಿಲ್ಲ. ಅಷ್ಟು ಸಣ್ಣ ಮಾತು ಸರ್ವೇಯರಗ ಹೇಳೋದು ಹೆಂಗ?

ನಿಂಗಣ್ಣಗ ಎಲ್ಲಾ ಬರೆದು ಸಹಿ ಮಾಡಿ ಕೊಟ್ಟೀನಿ, ವರ್ಕ್‌ಶಾಪಿಗೂ ಒಂದು ಪ್ರತಿ. ಕ್ಷಮಾ ಕೇಳಿದೆ. ಅವ ಕಾಗದ ಮಡಚಿ ನನ್ನ ಕೈಗೇ ತಿರುಗಿ ಕೊಟ್ಟ. "ಈ ಕಾಗದ ಹುಲಿಗೆಮ್ಮಗ ನೀವ ಓದಿ ಹೇಳ್ರಿ. ಬಾಯಾರು ನನ್ನ ಕೈಲೆ ಸತ್ರು ಅಂತ ಆಕಿ ಇನ್ನೂ ತಿಳದಾಳ" ಅಂದ. ಓದಿದೆ. ಆಕಿ ನನ್ನ ಮುಖ ನೋಡಲಿಲ್ಲ. ಒಳಗ ಹೋಗಿ ಬಾಗಿಲು ಹಾಕಿಕೊಂಡಳು.

ಜನವರಿಯಾಗ ಕದ್ದ ಪುಸ್ತಕ ಇದರ ಜೋಡಿ ಕಳಿಸೀನಿ. ಶೋರೂಮಿನ ಆ ಹುಡುಗ ಮಗ್ಗಿ ಹೇಳಿಕೊಟ್ಟಾಗ ನನ್ನ ಕಿವಿ ಗುಯ್ ಅಂತು. ಅವ ಹೇಳಿದ್ದು ಖರೇ ಏನು ಅಂತ ಮನಿಯಾಗ ಒಬ್ಬನೇ ಕೂತು ಓದಲಿಕ್ಕೆ ಕದ್ದೆ. ಖರೇ ಇತ್ತು, ಪೆನ್ಸಿಲಿನ ಗೆರಿ ಎಳೆದೀನಿ, ನೋಡು. ಪೇಢಾ, ಬೆಬಿಂಕದವರ ಪುಸ್ತಕಾನೂ ಆಮ್ಯಾಲ ತರಿಸಿ ನೋಡಿದೆ. ಈ ಒಂದು ವಿಷಯದಾಗ ಮೂರು ಕಂಪನಿಗಳ ನಡುವ ಏನೂ ಫರಕಿಲ್ಲ: ಬ್ರೇಕ್ ತುಳಿಯದೆ ಲಿವರ್ 'ಪಿ' ಬಿಟ್ಟು ಸರಿಯೂದಿಲ್ಲ.

ಆಕಿ ತೋರಿಸಿದ್ದು ಅದನ್ನ. ನಾಲ್ಕು ಸಾವಿರ ಗಾಡಿ ನೋಡಿದ್ದೆ, ಎಲ್ಲಾ ಕೆಟ್ಟು ನಿಂತವು. ಹೊರಡೋದು ಹೆಂಗ ಅಂತ ನನಗ ಗೊತ್ತಿದ್ದಿಲ್ಲ.

ಸುಧೀರ